ಮೂವತ್ತೇಳು ಮನೆಯ ಸೊನ್ನೆ

ನವೆಂಬರ್ 3, ಸೋಮವಾರ

ಕೊಡುತ್ತೇವೆ ಅಂದದ್ದು: ಕುರಿ ಸಾಕುವ ಪ್ರತಿ ಮನೆಗೆ ಸಿಡುಬಿನ ಲಸಿಕೆಯ ಟೋಕನ್. ಇದ್ದಷ್ಟೂ ಕುರಿಗಳಿಗೆ. ದೀಪಾವಳಿಗೆ ಮೊದಲು. ಲಸಿಕೆಯ ಗಾಡಿ ವಸ್ತಿಯ, ಅಂದರೆ ಹಟ್ಟಿಯ, ಬಾಗಿಲಿಗೇ ಬರುತ್ತದೆ, ಯಾರೂ ತಾಲೂಕಿನ ಊರು ಅಕ್ಕಲಕೋಟೆಗೆ ಅಲೆಯಬೇಕಿಲ್ಲ.

ಕೊಟ್ಟದ್ದು: ಮೈಂದರ್ಗಿಯ ಹೊರಗಿನ ಬೀರೋಬಾ ವಸ್ತಿಯ ನಲವತ್ಮೂರು ಮನೆಗಳಲ್ಲಿ ಆರು ಮನೆಗೆ ಟೋಕನ್. ಉಳಿದ ಮೂವತ್ತೇಳಕ್ಕೆ ಮೊಬೈಲಿನಲ್ಲಿ ಮರಾಠಿಯ ಒಂದು ಸಾಲು: ತಮ್ಮ ಬಳಿ ಕುರಿಗಳಿಲ್ಲ, ತಾವು ಪಾತ್ರರಲ್ಲ. ದೀಪಾವಳಿ ಮುಗಿದು ಹನ್ನೆರಡು ದಿನವಾಯಿತು.

ಹೀಗೆ ಬರೆಯಲು ಕಲಿಸಿದವರು ಗುರುಸಿದ್ಧ ಸರ್. ಅಕ್ಕಲಕೋಟೆಯಲ್ಲಿ ಕಾಲೇಜಿಗೆ ಹೋಗುವಾಗ ಅವರ ಸಂಘಟನೆಯ ಕರಪತ್ರಗಳನ್ನು ನಾನೇ ಬರೆಯುತ್ತಿದ್ದೆ. ಮೊದಲು ಏನು ಕೊಡುತ್ತೇವೆ ಅಂದರು, ಆಮೇಲೆ ಏನು ಕೊಡಲಿಲ್ಲ, ಅದಾದ ಮೇಲೆ ಬೇಕಾದರೆ ಬೈಗುಳ. ಕೊನೆಯ ಸಾಲಿನಲ್ಲಿ ಮುಂದಿನ ಸಭೆಯ ದಿನ, ವೇಳೆ. ಅದಿಲ್ಲದ ಕರಪತ್ರ ಬರೀ ಗೋಳು ಅನ್ನುತ್ತಿದ್ದರು. ನಾನು ಈಗ ಸಭೆ ಕರೆಯುವವಳಲ್ಲ. ಸೋಲಾಪುರದಲ್ಲಿ ಸಂಬಳಕ್ಕೆ ಕೋಡ್ ಬರೆಯುವವಳು. ಆ ಸಾಲು ಬಿಟ್ಟಿದ್ದೇನೆ.

ಮೆಸೇಜು ಹೋದದ್ದು ನಮ್ಮ ಆಫೀಸಿನ ಪ್ರೋಗ್ರಾಮಿನಿಂದ. ಭೀಮಾ-ಸೀನಾ ಮೇಂಢಪಾಳ ಸಂಘಕ್ಕೆ, ಅಂದರೆ ಕುರಿಗಾರರ ಹೆಸರಿನಲ್ಲಿ ಅಕ್ಕಲಕೋಟೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವ ಸಹಕಾರಿ ಸಂಘಕ್ಕೆ, ಅದನ್ನು ಮಾಡಿಕೊಟ್ಟವರು ನಾವು. ಇದು ಆ ವಸ್ತಿಯವರಿಗೆ ಗೊತ್ತಿಲ್ಲ. ನಾನು ಆ ವಸ್ತಿಯವಳು ಎಂಬುದು ಆಫೀಸಿಗೆ ಗೊತ್ತಿಲ್ಲ. ಇಲ್ಲಿ ನಾನು ಅಕ್ಕಲಕೋಟೆಯ ಛಾಯಾ, ಅಷ್ಟೇ. ಈ ನೋಟುಬುಕ್ಕನ್ನು ಕನ್ನಡದಲ್ಲಿ ಬರೆಯುವುದೂ ಅದಕ್ಕೇ. ಇಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲ.

ಮಧ್ಯಾಹ್ನ ಅಪ್ಪನ ಫೋನ್.

"ಯವ್ವಾ, ನಂಗೂ ಮೆಸೇಜ್ ಬಂದದ. ನಿಮ್ಮತ್ರ ಕುರಿ ಇಲ್ಲ ಅಂತ ಓದಿ ಹೇಳಿದ್ರು. ಕುರಿಗೋಳು ಇಲ್ಲೇ ನಿಂತಾವ. ನನ್ನ ಮಾರಿ ನೋಡಾಕತ್ತಾವ. ಅವಕ್ಕ ಏನಂತ ಹೇಳ್ಲಿ?"

"ಸರ್ವೇದವರು ಏನೋ ತಪ್ಪ ಮಾಡ್ಯಾರಪ್ಪ. ನಾ ನೋಡ್ತೀನಿ."

"ನೋಡು. ಭಂಡಾರಕವಠೆ ಕಡೆ ಸಿಡುಬು ಎದ್ದದ. ಒಂದ ಹಿಂಡಿನಾಗ ಹನ್ನೊಂದು ಮರಿ ಹೋಗ್ಯಾವ."

ಲಸಿಕೆಯ ಗಾಡಿ ವಸ್ತಿಗೆ ಬರುವುದು ಹದಿನೇಳಕ್ಕೆ, ಒಂದೇ ದಿನ. ಅಲ್ಲಿಂದ ನಂದೇಶ್ವರದ ಕಡೆ ಹೋದರೆ ಈ ವರ್ಷ ವಸ್ತಿಯ ಮುಖ ನೋಡುವುದಿಲ್ಲ. ಟೋಕನ್ ಇಲ್ಲದ ಹಿಂಡಿಗೆ ಸೂಜಿ ಇಲ್ಲ. ಸೂಜಿ ಇಲ್ಲದ ಹಿಂಡಿಗೆ ಸಿಡುಬು ತಗಲಿದರೆ ಮೊದಲು ಮರಿಗಳು ಹೋಗುತ್ತವೆ, ಆಮೇಲೆ ಹಾಲೂಡಿಸುವ ಕುರಿಗಳು. ಎಂಟು ದಿನದಲ್ಲಿ ಕುರಿ ಕೂಡುವ ದಡ್ಡಿಯಲ್ಲಿ ಗೂಟ ಮಾತ್ರ ಉಳಿಯುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ಕಂಡಿದ್ದೇನೆ.

ಇವತ್ತಿನ ಪೇಪರಿನಲ್ಲಿ ಸಂಘದ ಅಧ್ಯಕ್ಷ ಚನ್ನವೀರಪ್ಪನವರ ಫೋಟೊ. ಪಾತ್ರರಾದ ಶೇಕಡಾ ನೂರು ಮನೆಗಳಿಗೆ ಟೋಕನ್ ತಲುಪಿದೆಯಂತೆ. ಪಾತ್ರರಲ್ಲ ಎಂದು ಅರ್ಧ ಊರನ್ನು ಹೊರಗೆ ನಿಲ್ಲಿಸಿದ ಮೇಲೆ ಶೇಕಡಾ ನೂರು ಆಗದೆ ಏನು.

ನವೆಂಬರ್ 4, ಮಂಗಳವಾರ

ಉದಯಕುಮಾರ ಸರ್ ಆಫೀಸಿನ ಯಜಮಾನರು. ಚಾಟಿ ಗಲ್ಲಿಯಲ್ಲಿ ಅವರ ಅಪ್ಪನ ಚಾದರದ ಅಂಗಡಿ, ಅದರ ಮಾಳಿಗೆಯ ಮೇಲೆ ನಾವು ಏಳು ಮಂದಿ. ಒಂದು ವಸ್ತಿಯಿಂದ ತಕರಾರು ಬಂದಿದೆ ಅಂದೆ. ಯಾರ ವಸ್ತಿ ಅನ್ನಲಿಲ್ಲ.

"ಸರ್ವೇ ಸಂಘದ್ದು, ಪ್ರೋಗ್ರಾಮ್ ನಮ್ದು. ನಮ್ಮ ಪ್ರೋಗ್ರಾಮ್ ಎಂದಾರ ಸುಳ್ಳು ಹೇಳ್ಯಾದೇನು?"

ಇಲ್ಲ ಸರ್ ಅಂದೆ. ನಂಬಿಯೇ ಅಂದೆ.

ನವೆಂಬರ್ 6, ಗುರುವಾರ

ಊಟಕ್ಕೆ ಇಳಿದಾಗ ಅಂಗಡಿಯಲ್ಲಿ ಜಗಳ. ಜಗಳವೆಂದರೆ ಸರ್ ಅವರ ಅಪ್ಪ ಶಾಂತಲಿಂಗಪ್ಪ ಮತ್ತು ಅವ್ವ ರತ್ನಾಬಾಯಿ ದಿನಾ ಆಡುವ ಮಾತು. ಒಬ್ಬ ಹೆಂಗಸು ಬಂದು ನವಿಲು ಅಂಚಿನ ಚಾದರ ಕೇಳಿದ್ದಾಳೆ. ರತ್ನಾಬಾಯಿ ಇಲ್ಲ ಅಂದಿದ್ದಾರೆ. ಅವಳು ಹೋಗಿದ್ದಾಳೆ.

"ಯಾವ ಇಲ್ಲ ಹೇಳಿದಿ?" ಎಂದರು ಮುದುಕರು.

"ಇಲ್ಲ ಅಂದ್ರ ಇಲ್ಲ. ಅದರಾಗ ಯಾವುದು?"

"ನವಿಲಿಗೆ ಕಪಾಟಿನಾಗ ಖಾನಿ ಅದ. ಮಾಲ್ ಮುಗದದ. ಅಕಿಗೆ ನಾಡದು ಬಾ ಅನ್ನಬೇಕು. ಖಾನೀನ ಇರದ ಮಾಲ್ ಕೇಳಿದ್ರ, ನಾವು ಇಡೋದಿಲ್ಲವ್ವ, ಮುಂದಿನ ಅಂಗಡಿಗೆ ಹೋಗು ಅನ್ನಬೇಕು. ಎರಡಕ್ಕೂ ಒಂದ ಇಲ್ಲ ಅಂದ್ರ ಗಿರಾಕಿನೂ ಹೋತು, ಅಂಗಡಿ ಮರ್ಯಾದಿನೂ ಹೋತು."

"ಐವತ್ತು ವರ್ಷ ಸಂಸಾರ ಮಾಡೀನಿ. ನಿಮ್ಮ ಇಲ್ಲದಾಗ ಎಷ್ಟು ನಮೂನಿ ಅದಾವ ನಂಗ ಗೊತ್ತದ. ಸುಮ್ನ ಊಟ ಮಾಡ್ರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತೆ.

ನಮ್ಮ ಪ್ರೋಗ್ರಾಮಿನಲ್ಲೂ ಇಂಥದೇ ಕಪಾಟಿದೆ. ಮ್ಯಾಪ್ ಅನ್ನುತ್ತೇವೆ. ಪ್ರತಿ ಖಾನೆಗೆ ಹಚ್ಚಿದ ಚೀಟಿಯೇ ಕೀ: ವಸ್ತಿಯ ಹೆಸರು, ಮನೆ ನಂಬರು. ಖಾನೆಯೊಳಗೆ ಸರ್ವೇದವರು ಬರೆದು ತಂದ ಕುರಿಗಳ ಸಂಖ್ಯೆ. ಟೋಕನ್ನಿಗೆ ಅರ್ಜಿ ಬಂದರೆ ಪ್ರೋಗ್ರಾಮು ಆ ಕೀ ಹಿಡಿದು ಖಾನೆಗೆ ಕೈ ಹಾಕುತ್ತದೆ. ಸಂಖ್ಯೆ ಇದ್ದರೆ ತರುತ್ತದೆ. ಖಾನೆ ಇದ್ದು ಖಾಲಿಯಿದ್ದರೆ 'ನಲ್' ಎನ್ನುತ್ತದೆ, ಕೈಗೆ ಏನೂ ಸಿಗಲಿಲ್ಲ ಎಂದು. ಆ ಹೆಸರಿನ ಖಾನೆಯೇ ಇಲ್ಲದಿದ್ದರೂ 'ನಲ್' ಎಂದೇ ಎನ್ನುತ್ತದೆ. ರತ್ನಾಬಾಯಿಯವರ ಹಾಗೆ, ಎರಡಕ್ಕೂ ಒಂದೇ ಇಲ್ಲ. ಅದಕ್ಕೆಂದೇ ಇನ್ನೊಂದು ಪ್ರಶ್ನೆ ಇಟ್ಟಿದ್ದಾರೆ, 'ಕಂಟೇನ್ಸ್ ಕೀ'. ಒಳಗೆ ಎಷ್ಟಿದೆ ಎಂದು ಅದು ಕೇಳುವುದಿಲ್ಲ. ಈ ಕೀ ಇಲ್ಲಿ ಇದೆಯೋ ಇಲ್ಲವೋ, ಅಷ್ಟೇ ಕೇಳುತ್ತದೆ. ಕಾಲೇಜಿನ ಮೊದಲ ವರ್ಷದ ಪಾಠ.

ನಾವು ಕೇಳಿದ್ದೇವೆಯೇ? ನೋಡಬೇಕು. ಸಂಜೆಯವರೆಗೆ ನೋಡಲಿಲ್ಲ. ಬೇರೆ ಕೆಲಸ ಹುಡುಕಿ ಹುಡುಕಿ ಮಾಡಿದೆ.

ನವೆಂಬರ್ 7, ಶುಕ್ರವಾರ

ಕೇಳಿಲ್ಲ. 'ನಲ್' ಬಂದರೆ ಸೊನ್ನೆ ಎಂದು ತಿಳಿ, ಅಂತ ಒಂದು ಸಾಲಿದೆ. ಸೊನ್ನೆಯಾದರೆ ಕುರಿಗಳಿಲ್ಲ. ಕುರಿಗಳಿಲ್ಲವಾದರೆ ಪಾತ್ರರಲ್ಲ.

ಸಾಲು ಬರೆದವರ ಹೆಸರು ಪಕ್ಕದಲ್ಲೇ ನಿಂತಿರುತ್ತದೆ. ಛಾಯಾ. ಆಗಸ್ಟ್ 12, ಸಂಜೆ ಆರು ನಲವತ್ತು.

ನೆನಪಿದೆ. ಮರುದಿನ ಸಂಘದವರಿಗೆ ತೋರಿಸಬೇಕಿತ್ತು. 'ನಲ್' ಬಂದ ಕಡೆಯೆಲ್ಲ ಪ್ರೋಗ್ರಾಮು ನಿಂತು ಪರದೆ ಕೆಂಪಾಗುತ್ತಿತ್ತು. ಕೆಂಪು ಕಾಣಬಾರದು ಅಂದರು ಸರ್. ಎರಡು ನಿಮಿಷದ ಕೆಲಸ. ಸೊನ್ನೆ ಹಾಕಿದೆ, ಕೆಂಪು ಹೋಯಿತು, ಆರು ಐವತ್ತೈದರ ಬಸ್ಸು ಸಿಕ್ಕಿತು.

ಚನ್ನವೀರಪ್ಪನವರನ್ನು ಸೋಮವಾರದಿಂದ ಬೈಯುತ್ತಿದ್ದೇನೆ. ಆ ಬೈಗುಳ ಸುಳ್ಳಾಗುವುದಿಲ್ಲ. ಆದರೆ ಅದರಲ್ಲಿ ನನ್ನ ಪಾಲು ಬಿಟ್ಟುಹೋಗಿದೆ.

ಎಣಿಸಿ ನೋಡಿದೆ. ಪಾತ್ರರಲ್ಲ ಎಂದು ತಳ್ಳಿದ್ದು ಒಟ್ಟು ಮುನ್ನೂರ ಹನ್ನೆರಡು ಮನೆ. ಕುರಿ ಮಾರಿ ಬಿಟ್ಟು, ಸೊನ್ನೆ ಎಂದು ತಾವೇ ಬರೆಸಿದವರು ಒಂಬತ್ತು. ಹೆಸರಿದ್ದು ಸಂಖ್ಯೆ ಬರೆಯದೆ ಖಾಲಿ ಬಿಟ್ಟದ್ದು ನೂರ ಎಂಬತ್ತೇಳು. ಅರ್ಜಿ ಹಾಕಿದ್ದರೂ ಸರ್ವೇಯಲ್ಲಿ ಹೆಸರೇ ಇಲ್ಲದವರು ನೂರ ಹದಿನಾರು. ಮೂರು ಬೇರೆ ಬೇರೆ ಮಾತನ್ನು ನನ್ನ ಒಂದು ಸಾಲು ಸೊನ್ನೆ ಮಾಡಿದೆ.

ನವೆಂಬರ್ 9, ರವಿವಾರ

ಊರಿಗೆ ಹೋಗಿದ್ದೆ. ಅಕ್ಕಲಕೋಟೆಯವರೆಗೆ ಎಸ್‌ಟಿ ಬಸ್ಸು, ಅಲ್ಲಿಂದ ಮೈಂದರ್ಗಿ ಬಸ್ಸು, ಆಮೇಲೆ ನಡಿಗೆ.

ಅಪ್ಪ ಹಿಂಡು ಹೊಡೆದುಕೊಂಡು ಹೋಗಿದ್ದ. ಪಕ್ಕದ ಮನೆಯ ಸುಗಲಾಬಾಯಿ ಅತ್ತಿ ಬಾಗಿಲಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಳು. ಗಂಡ ತೀರಿಕೊಂಡ ಮೇಲೆ ಹಿಂಡನ್ನು ತಾನೇ ನೋಡಿಕೊಳ್ಳುತ್ತಾಳೆ. ಅವಳ ತಲೆಯ ಮೇಲೆ ಚೌಕಟ್ಟಿನ ಮೊಳೆಗೆ ಹುಣಸೆ ಬೀಜದ ಚೀಲ ತೂಗುತ್ತಿತ್ತು. ಸರ್ವೇದವರು ಬಂದಿದ್ದರೇ ಎಂದು ಕೇಳಿದೆ.

"ಬ್ಯಾಸಿಗ್ಯಾಗ ಒಬ್ಬ ಬಂದಿದ್ದ. ಕರೇ ಚಸ್ಮಾ. ನೀರು ಕೊಟ್ಟೆ, ಕುಡದ. ಕುರಿ ಎಷ್ಟು ಅಂದ. ಬೀರಪ್ಪ ಕೊಟ್ಟಷ್ಟು ಅಂದೆ. ಮತ್ತ ಎಷ್ಟು ಅಂದ. ಮತ್ತ ಬೀರಪ್ಪ ಕೊಟ್ಟಷ್ಟು ಅಂದೆ. ಒಂದು ಗೆರಿ ಎಳದು ಹೋದ."

"ಬೀಜದ ಚೀಲ ತೋರಿಸಬೇಕಿತ್ತಲ್ಲ ಅತ್ತಿ."

"ಅಂವ ಕೇಳಿದ್ರ ತೋರಸ್ತಿದ್ದೆ. ಅಂವ ಬಾಯಿ ಮಾತು ಕೇಳಿದ. ಬಾಯಿಲೆ ಯಾರರ ಹೇಳ್ತಾರೇನು? ನೀ ಹೇಳ್ತೀಯೇನು?"

ನಾನು ಹೇಳುವುದಿಲ್ಲ. ನನಗೆ ಇಪ್ಪತ್ತಾರು ವರ್ಷ. ಮನೆಯ ಕುರಿಗಳ ಸಂಖ್ಯೆಯನ್ನು ಈವರೆಗೆ ಕಿವಿಯಿಂದ ಕೇಳಿಲ್ಲ. ಮರಿ ಹುಟ್ಟಿದರೆ ಚೀಲಕ್ಕೊಂದು ಬೀಜ ಬೀಳುತ್ತದೆ, ಸತ್ತರೆ ಮಾರಿದರೆ ಒಂದು ಹೊರಗೆ. ಲೆಕ್ಕ ಇದೆ, ಬಾಯಿಗೆ ಬರುವುದಿಲ್ಲ. ಬಾಯಲ್ಲಿ ಎಣಿಸಿದರೆ ನಮ್ಮ ಬೀರಪ್ಪ, ಮರಾಠಿಯವರ ಬೀರೋಬಾ, ಕೊಟ್ಟದ್ದನ್ನು ಅಳೆದ ಹಾಗೆ. ಟೋಕನ್ ಬಂದ ಆರು ಮನೆಗಳಲ್ಲಿ ಶಾಲೆ ಕಲಿತ ಸೊಸೆಯರಿದ್ದಾರೆ, ಅವರು ಹೇಳಿಬಿಟ್ಟರು. ಇಪ್ಪತ್ತೊಂಬತ್ತು ಮನೆ ಬೀರಪ್ಪ ಕೊಟ್ಟಷ್ಟು ಅಂದವು. ನಮ್ಮ ಮನೆಯೂ ಸೇರಿ ಇನ್ನೆಂಟು ಮನೆಗೆ ಆಗ ಬೀಗ. ಹಿಂಡಿನ ಜೊತೆ ಭೀಮಾ ದಂಡೆಗೆ, ಭಂಡಾರಕವಠೆಯ ಕಡೆಗೆ ಹೋಗಿದ್ದರು. ಕರಿ ಚಸ್ಮಾದವನು ಬೀಗ ನೋಡಿ ಹೆಸರನ್ನೇ ಬರೆದಿಲ್ಲ.

ಪುಣೆಯವನೊಬ್ಬ ಆ ಸಾಲು ಬರೆದಿದ್ದರೆ ತಿಳಿಯದವನು ಅನ್ನುತ್ತಿದ್ದೆ. ನನಗೆ ತಿಳಿದಿತ್ತು. ಈ ಜನ ಸುಮ್ಮನಿದ್ದರೆ ಇಲ್ಲ ಅಂದಂತಲ್ಲ ಎಂದು ಹುಟ್ಟಿದಾಗಿನಿಂದ ತಿಳಿದಿತ್ತು.

ಅತ್ತಿ ಒಂದು ಚೀಲ ಶೇಂಗಾ ಕಟ್ಟಿಕೊಟ್ಟಳು. "ಸೋಲಾಪುರದಾಗ ನಿಮ್ಮ ಸಾಹೇಬರಿಗೆ ಹೇಳವ್ವಾ, ಅವರು ದೊಡ್ಡ ಮಂದಿ," ಅಂದಳು. ಹೇಳುತ್ತೇನೆ ಅಂದೆ. ಸಾಲು ನನ್ನದು ಅನ್ನಲಿಲ್ಲ. ಬಸ್ಸಿನಲ್ಲಿ ಶೇಂಗಾದ ಚೀಲ ತೊಡೆಯ ಮೇಲಿಟ್ಟುಕೊಂಡು ಬಂದೆ, ಒಂದು ಕಾಳೂ ಬಾಯಿಗೆ ಹಾಕಲಿಲ್ಲ.

ನವೆಂಬರ್ 10, ಸೋಮವಾರ

ಸರ್ ಮುಂದೆ ಕಾಗದ ಇಟ್ಟೆ. ಒಂಬತ್ತು, ನೂರ ಎಂಬತ್ತೇಳು, ನೂರ ಹದಿನಾರು. ಸಾಲು ನನ್ನದು, ತಪ್ಪು ನನ್ನದು, ತಿದ್ದಲು ಅರ್ಧ ದಿನ ಸಾಕು ಅಂದೆ. ಅವರು ಕಾಗದ ಓದಿ ಮಡಚಿದರು.

"ಚನ್ನವೀರಪ್ಪ ಸಾಹೇಬ್ರು ಶೇಕಡಾ ನೂರು ಅಂತ ಪೇಪರಿಗೆ ಕೊಟ್ಟಾರ. ಈಗ ನಾ ಹೋಗಿ, ಮುನ್ನೂರು ಮನಿ ಬಿಟ್ಟಾವ ಸಾಹೇಬ್ರ ಅನ್ಲೇನು? ಮುಂದಿನ ವರ್ಷದ ಕೆಲಸಾನೂ ಹೋಗ್ತದ. ಎರಡನೇ ಹಂತದಾಗ ತಿದ್ದೋಣು."

"ಎರಡನೇ ಹಂತದೊಳಗ ಕುರಿ ಇರಬೇಕಲ್ರಿ ಸರ್."

"ನಿಂಗ್ಯಾಕ ಇಷ್ಟು ಉರಿ?"

"ಮೂವತ್ತೇಳರಾಗ ಮೂವತ್ತೊಂದನೇ ನಂಬರಿನ ಮನಿ ನಮ್ಮಪ್ಪಂದು."

ಅವರು ಮಡಚಿದ ಕಾಗದವನ್ನು ನನ್ನ ಕಡೆ ಸರಿಸಿದರು. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಯ್ಯ, ಮೊದಲ ಹೇಳಬಾರದಿತ್ತೇನು? ನಿಮ್ಮಪ್ಪನ ಹೆಸರು ಹಾಕ್ಕೋ. ಒಂದು ಮನಿ ಕೂಡಿದ್ರ ಯಾರ್ ಕೇಳ್ತಾರ? ಹಾಕ್ಕೊಂಡು ಸುಮ್ನಿರು."

ನವೆಂಬರ್ 11, ಮಂಗಳವಾರ

ಹಾಕಿದೆ.

ನವೆಂಬರ್ 12, ಬುಧವಾರ

ಅಪ್ಪನ ಫೋನ್ ಬೆಳಿಗ್ಗೆಯೇ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಟೋಕನ್ ಬಂದದ."

"ಛಲೋ ಆತಲ್ಲಪ್ಪ."

"ಸುಗಲಾಬಾಯಿಗೆ ಬಂದಿಲ್ಲ. ಕಡೀ ಓಣಿಗೂ ಬಂದಿಲ್ಲ. ನಮಗ್ಯಾಕ ಬಂತು?"

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನಾ ಇನ್ನ ಯಾರಿಗೂ ಹೇಳಿಲ್ಲ," ಅಂದ. "ಹೇಳ್ಲೇನು?"

ಕೆಲಸ ಬಂತು ಅಪ್ಪ, ಆಮೇಲೆ ಮಾಡ್ತೀನಿ ಅಂದು ಇಟ್ಟೆ. ಯಾವ ಕೆಲಸವೂ ಬಂದಿರಲಿಲ್ಲ. ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ. ಕೆಳಗೆ ಗಲ್ಲಿಯಲ್ಲಿ ಚಾದರದ ಗಂಟು ಹೊತ್ತು ಹೋಗುವವರನ್ನು ಎಣಿಸಿದೆ. ನಲವತ್ತಕ್ಕೆ ಬಿಟ್ಟೆ. ನಾಲ್ಕು ಸಲ ಚಹಾ ಕುಡಿದೆ. ಮೂವತ್ತೇಳರಲ್ಲಿ ಒಂದು ಹೋದರೆ ಮೂವತ್ತಾರು. ಇಷ್ಟು ಸುಲಭದ ಲೆಕ್ಕವನ್ನು ಕಾಗದದ ಮೇಲೆ ಮೂರು ಸಲ ಬರೆದೆ.

ಅಪ್ಪ ಎಪ್ಪತ್ತರ ಹತ್ತಿರದವನು. ಮಗಳಿಗೆ ಕೇಳಿದ, ಹೇಳ್ಲೇನು ಅಂತ. ಗುಟ್ಟು ಇಟ್ಟುಕೊಳ್ಳುವ ಕೆಲಸವನ್ನು ಅವನಿಗೂ ಹಚ್ಚಿದೆ ನಾನು.

ನವೆಂಬರ್ 13, ಗುರುವಾರ

ತೆಗೆದೆ.

ತೆಗೆದು ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸಾಲು, ಸೊನ್ನೆ, ಬಸ್ಸು, ಟೋಕನ್. ಅವನ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

"ಆ ಸಾಲು ನೀ ಬರದದ್ದೇನು?"

"ಹೂಂ."

"ಅಳಸಾಕ ಬರ್ತದೇನು?"

"ಬರ್ತದ."

"ಮತ್ತ ಅಳಸು. ಅಳೂದು ಆಮ್ಯಾಲ."

ಅಳಿಸಿದೆ. ಹೊಸದಾಗಿ ಬರೆದೆ. ಈಗ ಪ್ರೋಗ್ರಾಮಿನ ಮೊದಲ ಪ್ರಶ್ನೆ: ಈ ಕೀ ಇದೆಯೋ ಇಲ್ಲವೋ? ಇಲ್ಲದಿದ್ದರೆ, ನಾವು ಇವರ ಮನೆಗೆ ಹೋಗಿಯೇ ಇಲ್ಲ, ಹೋಗಬೇಕು. ಇದ್ದು ಖಾಲಿಯಿದ್ದರೆ, ಕುರಿಗಳಿರಬಹುದು, ಹೋಗಿ ನೋಡಬೇಕು. ಸೊನ್ನೆ ಎಂದು ಬರೆದಿದ್ದರೆ ಮಾತ್ರ ಸೊನ್ನೆ.

ಬರೆಯುವಾಗ ಒಂದು ಹೊಳೆಯಿತು. ಎಷ್ಟು ಎಂದು ಕೇಳಿದರೆ ನಮ್ಮ ಜನ ಬಾಯಿ ಬಿಡುವುದಿಲ್ಲ. ಅದಾವೇನು ಎಂದು ಕೇಳಿದರೆ ಯಾವ ಮನೆಯೂ ಮುಚ್ಚಿಡುವುದಿಲ್ಲ, ಅದಾವ ಅನ್ನುತ್ತದೆ. ಕಂಟೇನ್ಸ್ ಕೀ ಕೇಳುವುದೂ ಅಷ್ಟನ್ನೇ. ಕರಿ ಚಸ್ಮಾದವನೂ ನಾನೂ ಮೊದಲ ಪ್ರಶ್ನೆ ಬಿಟ್ಟು ಎರಡನೆಯದಕ್ಕೆ ಹಾರಿದ್ದೆವು.

ನವೆಂಬರ್ 14, ಶುಕ್ರವಾರ

ಸರ್ ನನ್ನ ಮೇಜಿಗೆ ಬಂದರು. ಈ ನೋಟುಬುಕ್ಕು ತೆರೆದೇ ಇತ್ತು. ಕೈಗೆತ್ತಿಕೊಂಡು ನಾಲ್ಕು ಪುಟ ತಿರುವಿದರು. ಮನೆಯಲ್ಲಿ ಆಡುವುದು ಕನ್ನಡವೇ, ಅಕ್ಷರ ಬರುವುದಿಲ್ಲ.

"ಏನಿಷ್ಟು ಬರದೀ?"

"ನಿಮ್ಮ ಬಗ್ಗೆನ ಬರದೀನಿ ಸರ್."

ನಕ್ಕು ಇಟ್ಟರು. ತಿದ್ದಿದ್ದನ್ನು ತೋರಿಸಿದೆ. ಪೂರ್ತಿ ನೋಡಿದರು, ಸರಿ ಅದ ಅಂದರು, ಸಂಘದ ಪ್ರೋಗ್ರಾಮಿಗೆ ಹಚ್ಚಬ್ಯಾಡ ಅಂದರು. ಹೊರಡುವಾಗ ತಿರುಗಿ, "ಹದಿನೇಳಕ್ಕ ಮೈಂದರ್ಗಿಗೆ ಲ್ಯಾಪ್‌ಟಾಪ್ ತಗೊಂಡು ಒಬ್ಬರು ಹೋಗಬೇಕು. ಅಲ್ಲಿ ಮಂದಿ ಕನ್ನಡದಾಗ ಬೈತಾರ. ನೀನ ಹೋಗು," ಅಂದರು.

ತಿದ್ದಿದ ಪ್ರೋಗ್ರಾಮು ನನ್ನ ಲ್ಯಾಪ್‌ಟಾಪಿನಲ್ಲಿದೆ. ಅವರಿಗೂ ಗೊತ್ತು. ಅವರು ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನವೆಂಬರ್ 17, ಸೋಮವಾರ

ಮರೆಯುವ ಮೊದಲು ಬರೆಯಬೇಕು.

ಬೀರೋಬಾ ಗುಡಿಯ ಮುಂದೆ ಪೆಂಡಾಲು. ಶೇಕಡಾ ನೂರು ಎಂದು ಬ್ಯಾನರು. ಒಂದು ಮೇಜಿಗೆ ಚನ್ನವೀರಪ್ಪನವರು, ಕೊರಳಿನ ಹಾರ ತೆಗೆದು ಮೇಜಿನ ಅಂಚಿಗೆ ಇಟ್ಟಿದ್ದರು. ಪಕ್ಕದ ಮೇಜಿಗೆ ಡಾಕ್ಟರ್ ಶೀತಲ ಮೇಡಂ, ಐಸ್ ಪೆಟ್ಟಿಗೆ. ಮೂರನೆಯದಕ್ಕೆ ನಾನು. ಹುಟ್ಟಿದ ಊರಿನಲ್ಲಿ ಮೇಜಿನ ಆ ಕಡೆ ಕೂತಿದ್ದು ಇದೇ ಮೊದಲು.

ಹತ್ತು ಗಂಟೆಗೆ ಟೋಕನ್ ಇದ್ದ ಆರು ಮನೆಯ ಕುರಿಗಳಿಗೆ ಸೂಜಿ ಮುಗಿಯಿತು. ಉಳಿದ ಮೂವತ್ತೇಳು ಮನೆಯವರು ಹಿಂಡು ಬಿಟ್ಟುಕೊಂಡೇ ನಿಂತಿದ್ದರು. ಧೂಳು, ಕಿರುಚಾಟ. ಸುಗಲಾಬಾಯಿ ಅತ್ತಿ ಮುಂದೆ ಬಂದಳು.

"ಸಾಹೇಬ್ರ, ನಮ್ಮ ಪಾಳಿ ಯಾವಾಗ?"

"ಬಾಯಿ, ಯಾದಿಯೊಳಗ ನಿಮ್ಮ ಮುಂದ ಸೊನ್ನಿ ಅದ."

"ಸೊನ್ನಿ ಅಂದ್ರ ಏನ್ರಿ?"

"ನಿಮ್ಮತ್ರ ಕುರಿ ಇಲ್ಲ ಅಂತ."

"ಹಂಗಾರ ನಿಮ್ಮ ಹಾರ ಯಾರು ತಿನ್ನಾಕತ್ತಾರ ನೋಡ್ರಿ."

ಅವಳ ಟಗರು ಮೇಜಿಗೆ ಮೂತಿಯಿಟ್ಟು ಚೆಂಡು ಹೂವಿನ ಹಾರವನ್ನು ಅರ್ಧ ಮುಗಿಸಿತ್ತು. ಇಡೀ ವಸ್ತಿ ನಕ್ಕಿತು. ಡಾಕ್ಟರ್ ಮೇಡಂ ಮುಖ ಆ ಕಡೆ ತಿರುಗಿಸಿದರು. ಅಧ್ಯಕ್ಷರು ಹಾರ ಎಳೆದುಕೊಂಡು, "ಕಂಪ್ಯೂಟರ್ ಹೇಳ್ತದ್ರಿ, ನಾ ಏನ್ ಮಾಡ್ಲಿ? ಕಂಪ್ಯೂಟರಿನವರನ್ನ ಕೇಳ್ರಿ," ಎಂದು ನನ್ನ ಕಡೆ ಬೆರಳು ಮಾಡಿದರು.

ಎದ್ದು ನಿಂತೆ. ಭಾಷಣ ಬರುತ್ತದೆ ನನಗೆ. ಕಾಲೇಜಿನಲ್ಲಿ ಮೈಕು ಇಲ್ಲದೆ ಇಡೀ ಬಾಜಾರಕ್ಕೆ ಕೇಳಿಸುತ್ತಿದ್ದೆ. ಇವತ್ತು ಎದುರಿಗಿದ್ದವರಿಗೆ ಕೇಳುವಷ್ಟೇ ಹೇಳಿದೆ.

"ಕಂಪ್ಯೂಟರ್ ಹೇಳಿಲ್ರಿ. ನಾ ಹೇಳಸೀನಿ. ನೀವು ಬೀರಪ್ಪ ಕೊಟ್ಟಷ್ಟು ಅಂದಿದ್ರಿ, ಸರ್ವೇದಂವ ಖಾಲಿ ಬಿಟ್ಟ. ಆ ಖಾಲಿಗೆ ಸೊನ್ನಿ ಅಂತ ಬರದಾಕಿ ನಾನ. ಮರೆಪ್ಪನ ಮಗಳು."

ಸುಗಲಾಬಾಯಿ ಅತ್ತಿ ನನ್ನನ್ನು ನೋಡಿದ ನೋಟ ಬರೆಯಲಾರೆ.

"ಶೇಂಗಾ ತಿಂದೇನು?" ಅಂದಳು.

"ಇಲ್ಲತ್ತಿ."

"ತಿನ್ನು. ಮೈಯಾಗ ಶಕ್ತಿ ಇದ್ರ ಬುದ್ಧಿ ಬರ್ತದ. ಈಗ ಏನ್ ಮಾಡ್ತಿ, ಅದನ್ನ ಹೇಳು."

ತಿದ್ದಿದ ಪ್ರೋಗ್ರಾಮು ತೆರೆದೆ. ಅಧ್ಯಕ್ಷರ ಕಡೆ ಪರದೆ ತಿರುಗಿಸಿದೆ. ಮೂವತ್ತೇಳು ಎರಡಾಗಿ ಒಡೆದು ನಿಂತವು: ಇಪ್ಪತ್ತೊಂಬತ್ತು, ಎಂಟು. ಈ ಇಪ್ಪತ್ತೊಂಬತ್ತರ ಹೆಸರು ನಿಮ್ಮ ಯಾದಿಯಲ್ಲೇ ಇದೆ, ಇಲ್ಲ ಅನ್ನಲು ನಿಮಗೆ ಬರುವುದಿಲ್ಲ ಅಂದೆ. ಅವರು ಡಾಕ್ಟರ್ ಮೇಡಂ ಮುಖ ನೋಡಿದರು. ಮೇಡಂ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದರು. ತುಂಬಿತ್ತು. ತಾಲೂಕಿನ ಮುನ್ನೂರು ಮನೆಯನ್ನು ಸೊನ್ನೆ ಮಾಡಿದರೆ ಬಾಟಲಿ ಉಳಿಯದೆ ಎಲ್ಲಿಗೆ ಹೋಗುತ್ತವೆ.

"ಇದ್ದ ಹೆಸರಿಗೆ ಕೊಡ್ರಿ, ಉಳಿದ ವಸ್ತಿಗೋಳಿಗೂ," ಅಂದರು ಅಧ್ಯಕ್ಷರು.

ಮೇಡಂ ವಿಜಯಪುರದ ಕಡೆಯವರು. ಅತ್ತಿಯನ್ನು ಕೇಳಿದರು, "ಎಷ್ಟು ಬಾಟಲಿ ಒಡೀಲಿ? ಕುರಿ ಎಷ್ಟದಾವ?"

ಅತ್ತಿ ಗುಡಿಯ ಕಡೆ ನೋಡಿದಳು. ಬಾಟಲಿ ಒಡೆದರೆ ಒಂದೆರಡು ತಾಸಿನಲ್ಲಿ ಮುಗಿಸಬೇಕು, ಅಂದಾಜಿಗೆ ಒಡೆಯಲು ಬರುವುದಿಲ್ಲ. ನಾನು ಅತ್ತಿಯ ಕಿವಿಗೆ ಹೇಳಿದೆ. ಅವಳು ಮನೆಗೆ ಹೋಗಿ ಬೀಜದ ಚೀಲ ತಂದು ಮೇಜಿನ ಮೇಲೆ ಬಿಚ್ಚಿದಳು. ಹಿಂದೆಯೇ ಇಪ್ಪತ್ತೆಂಟು ಚೀಲ ಬಂದವು. ಮೇಡಂ ಒಂದೊಂದೇ ಬೀಜ ಸರಿಸುತ್ತ ತುಟಿ ಅಲ್ಲಾಡಿಸತೊಡಗಿದರು.

"ಮೇಡಂ, ಮನಸಿನಾಗ ಎಣಸ್ರಿ," ಅಂದಳು ಅತ್ತಿ.

ಮೂರೂವರೆಯವರೆಗೆ ಸೂಜಿ ನಡೆಯಿತು. ಇಪ್ಪತ್ತೊಂಬತ್ತೂ ಮನೆ.

ಉಳಿದದ್ದು ಎಂಟು. ಹೆಸರೇ ಇಲ್ಲದ ಮನೆಗಳು. ಅಧ್ಯಕ್ಷರು ಎದ್ದು ನಿಂತಿದ್ದರು. "ಇಲ್ಲದ ಹೆಸರಿಗೆ ನನ್ನ ಸಹಿ ಬೇಕು. ಸಹಿಗೆ ಸಂಘದ ಬೈಠಕ್ ಬೇಕು. ಬೈಠಕ್ ಡಿಸೆಂಬರಿಗೆ." ಕುರಿಗಳು ನಿಮ್ಮ ಕಣ್ಣೆದುರಿಗಿವೆ ಅಂದೆ. "ಕಣ್ಣಿಗೆ ಸಹಿ ಮಾಡಾಕ ಬರೂದಿಲ್ಲವ್ವ," ಅಂದು ಜೀಪು ಹತ್ತಿದರು. ಮೇಡಂ ಹೊರಡುವ ಮುನ್ನ ನನ್ನ ಹತ್ತಿರ ಬಂದು ಹೇಳಿದರು: ಗಾಡಿ ನಂದೇಶ್ವರದಿಂದ ಅಕ್ಕಲಕೋಟೆಗೆ ಇಪ್ಪತ್ನಾಲ್ಕಕ್ಕೆ ತಿರುಗುತ್ತದೆ, ಪೆಟ್ಟಿಗೆಯಲ್ಲಿ ಉಳಿದಿರುತ್ತದೆ, ಒಂದು ಸಹಿ ಸಾಕು.

ಅಪ್ಪ ಎಲ್ಲರ ಹಿಂದೆ, ಬೇವಿನ ಮರದ ಕೆಳಗೆ ಹಿಂಡು ಹಿಡಿದುಕೊಂಡು ಬೆಳಗಿನಿಂದ ನಿಂತಿದ್ದ. ಮನೆಯ ಕಡೆ ನಡೆಯುವಾಗ ಫೋನು ತೆಗೆದು ತೋರಿಸಿದ. ಹನ್ನೊಂದರಂದು ಬಂದ ಟೋಕನ್ನಿನ ಮೆಸೇಜು ಅದರಲ್ಲಿ ಹಾಗೇ ಇತ್ತು. ನಾನು ಯಾದಿಯಿಂದ ತೆಗೆದಿದ್ದೆ, ಅವನ ಫೋನಿನಿಂದ ತೆಗೆಯಲಾಗಿರಲಿಲ್ಲ. ಬೆಳಿಗ್ಗೆ ಆರು ಮನೆಯವರ ಹತ್ತಿರ ಮೇಡಂ ನೋಡಿದ್ದು ಬರೀ ಮೆಸೇಜನ್ನು, ಯಾದಿಯನ್ನಲ್ಲ.

"ಇದನ್ನ ತೋರಸಿದ್ರ ನಡೀತಿತ್ತೇನು?"

"ನಡೀತಿತ್ತಪ್ಪ."

"ನಂಗೂ ಹಂಗ ಅನಸ್ತು," ಅಂದು ಫೋನು ಅಂಗಿಯ ಜೇಬಿಗೆ ಹಾಕಿಕೊಂಡು ಕುರಿಗಳನ್ನು ಕೂಗಿದ.

ನವೆಂಬರ್ 18, ಮಂಗಳವಾರ

ಸರ್ ಮೆಸೇಜು: ಸದ್ಯ ಬರಬೇಡ, ಲ್ಯಾಪ್‌ಟಾಪ್ ಕಳಿಸು. ಸಂಜೆ ಇನ್ನೊಂದು: ಅಪ್ಪಾಜಿ ನಿನ್ನನ್ನು ಕೇಳಿದರು. ಕೆಳಗಿನ ಅಂಗಡಿಯ ಶಾಂತಲಿಂಗಪ್ಪ.

ಲ್ಯಾಪ್‌ಟಾಪ್ ಕಳಿಸಿದೆ. ನೂರ ಹದಿನಾರು ಹೆಸರು ಮೊದಲೇ ಈ ನೋಟುಬುಕ್ಕಿನ ಹಿಂಬದಿಯಲ್ಲಿ ಬರೆದುಕೊಂಡಿದ್ದೆ, ವಸ್ತಿ, ಮನೆ ನಂಬರು ಸಹಿತ. ಕೈಬರಹದಲ್ಲಿ ಎಂಟು ಪುಟ.

ನವೆಂಬರ್ 20, ಗುರುವಾರ

ಎರಡು ದಿನದಲ್ಲಿ ಹದಿನಾಲ್ಕು ವಸ್ತಿ ತಿರುಗಿದೆವು. ಸುಗಲಾಬಾಯಿ ಅತ್ತಿ ಎಲ್ಲ ಕಡೆಗೂ ಬಂದಳು. ಅವಳ ಹಿಂಡಿಗೆ ಸೂಜಿ ಆಗಿದೆ, ಬರುವ ಅಗತ್ಯವಿರಲಿಲ್ಲ. "ನೀ ಎಷ್ಟು ಅಂತ ಕೇಳಿ ಕೆಲಸ ಕೆಡಸ್ತಿ," ಅಂದಳು. ಒಂದು ಮನೆಯಲ್ಲೂ ಎಷ್ಟು ಎಂದು ಕೇಳಲಿಲ್ಲ. ಅದಾವೇನು ಅಂದೆವು. ಅದಾವ ಅಂದರು.

ಬೆಳಿಗ್ಗೆ ನಮ್ಮ ದಡ್ಡಿಯಲ್ಲಿ ಒಂದು ಮರಿ ಹಾಲು ಕುಡಿಯಲಿಲ್ಲ. ಅಪ್ಪ ಅದರ ಕಿವಿಯ ಹಿಂದೆ, ಬಾಲದ ಕೆಳಗೆ ಬೆರಳಾಡಿಸಿ ನೋಡಿದ. ಗುಳ್ಳೆ ಇಲ್ಲ. ಮೈ ಬಿಸಿ ಇದೆ. ಬೇರೆ ಕಟ್ಟಿದ್ದೇವೆ.

ಕರಪತ್ರ ಆಯಿತು. ಅಕ್ಕಲಕೋಟೆಯಲ್ಲಿ ಗುರುಸಿದ್ಧ ಸರ್ ಓದಿ ಎರಡು ಬೈಗುಳ ಹೊಡೆದುಹಾಕಿದರು, ಉಳಿದದ್ದು ಇರಲಿ ಅಂದರು.

ಕೊಡುತ್ತೇವೆ ಅಂದದ್ದು: ಪ್ರತಿ ಮನೆಗೆ. ಕೊಡದೆ ಇದ್ದದ್ದು: ನೂರ ಹದಿನಾರು ಮನೆಗೆ, ಅದರಲ್ಲಿ ನಮ್ಮ ವಸ್ತಿಯ ಎಂಟು. ನಾವು ಯಾದಿಯಲ್ಲಿಲ್ಲ. ನಾವು ಇದ್ದೇವೆ, ನಮ್ಮ ಕುರಿಗಳಿವೆ. ಇಪ್ಪತ್ನಾಲ್ಕಕ್ಕೆ ಗಾಡಿ ಅಕ್ಕಲಕೋಟೆಗೆ ತಿರುಗುವಾಗ ಸಂಘದ ಬಾಗಿಲ ಮುಂದೆ ಹಿಂಡು ಸಮೇತ ನಾವು ನಿಂತಿರುತ್ತೇವೆ. ಪ್ರತಿ ಮನೆಯವರು ತಮ್ಮ ಬೀಜದ ಚೀಲ ತರಬೇಕು.

ಅದಕ್ಕೆ ಮೊದಲು ಸಭೆ: ನವೆಂಬರ್ 23, ರವಿವಾರ, ಬೆಳಿಗ್ಗೆ ಏಳು ಗಂಟೆ, ಬೀರೋಬಾ ಗುಡಿಯ ಕಟ್ಟೆ.